ಸೋತವನು ಎದ್ದು ಮತ್ತೆ ಸಾಲಿಗೆ

ಲಾಸ್ ವೇಗಸ್‌ನ ಬೇಸಗೆಯಲ್ಲಿ ಹೊರಗೆ ಕಾಲಿಟ್ಟರೆ ಮರುಭೂಮಿಯ ಬಿಸಿ ಮುಖಕ್ಕೆ ರಾಚುತ್ತದೆ. ಒಳಗಿನ ಸಭಾಂಗಣದಲ್ಲಿ ಮಾತ್ರ ಏಸಿಯ ಚಳಿ. ಬೆರಳು ಸೆಟೆದುಕೊಂಡರೆ ಆಟ ಕೆಟ್ಟಿತೆಂದು ಹುಡುಗರು ಸ್ವೆಟರಿನ ಜೇಬಿಗೆ ಕೈ ತೂರಿಸಿ, ಆಗಾಗ ಅಂಗೈ ತಿಕ್ಕಿಕೊಳ್ಳುತ್ತ ಸಾಲಿನಲ್ಲಿ ನಿಂತಿದ್ದಾರೆ. ಬಹಳ ಜನರ ಬೆನ್ನಿನ ಚೀಲದಲ್ಲಿ ಮಡಿಲು ತುಂಬುವಷ್ಟು ಅಗಲದ ಒಂದು ಪೆಟ್ಟಿಗೆಯಿದೆ. ಅದರ ಎಡಕ್ಕೊಂದು ಹಿಡಿಕೆ, ಬಲಕ್ಕೆ ಎಂಟು ಗುಂಡಿಗಳು. ಅವರ ಬಾಯಲ್ಲಿ ಅದು ಬರೀ ‘ಸ್ಟಿಕ್’. ಕೆಲವರು ಅದರ ಮೇಲೆ ತಮ್ಮ ನೆಚ್ಚಿನ ಪಾತ್ರದ ಚಿತ್ರ ಅಂಟಿಸಿದ್ದಾರೆ, ಕೆಲವರು ಬಣ್ಣ ಹೋದ ಗುಂಡಿಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಬೇರೆಯವರ ಸ್ಟಿಕ್‌ನಲ್ಲಿ ಆಡುವುದು ಯಾರಿಗೂ ಒಗ್ಗುವುದಿಲ್ಲ.

ಒಳಗೆ ಉದ್ದುದ್ದ ಮೇಜುಗಳ ಸಾಲು, ಸಾಲಿನ ತುಂಬ ತೆರೆಗಳು. ಪ್ರತಿ ತೆರೆಗೂ ಎರಡು ಕುರ್ಚಿ. ಇಬ್ಬರು ಬರುತ್ತಾರೆ, ಹೆಸರು ಕೇಳಿಕೊಳ್ಳುತ್ತಾರೆ, ಭುಜಕ್ಕೆ ಭುಜ ತಾಗುವಂತೆ ಕೂರುತ್ತಾರೆ. ಮುಂದಿನ ಹತ್ತು ನಿಮಿಷ ಒಬ್ಬರು ಇನ್ನೊಬ್ಬರ ಮುಖ ನೋಡುವುದಿಲ್ಲ. ಗುಂಡಿ ಕುಟ್ಟುವ ಸದ್ದು, ಹಿಡಿಕೆ ಟಕಟಕನೆ ಮೂಲೆಗೆ ಬಡಿಯುವ ಸದ್ದು. ಆಟ ಮುಗಿದಾಗ ಮುಷ್ಟಿಗೆ ಮುಷ್ಟಿ ತಾಗಿಸಿ ‘ಜಿಜಿ’, ಅಂದರೆ ‘ಗುಡ್ ಗೇಮ್’, ಎಂದು ಏಳುತ್ತಾರೆ. ಗೆದ್ದವನು ಗೆದ್ದ ಸುದ್ದಿ ಬರೆಸಲು ಹೋಗುತ್ತಾನೆ. ಸೋತವನು ಸ್ಟಿಕ್‌ನ ವೈರು ಸುತ್ತಿಕೊಳ್ಳುತ್ತ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಾನೆ.

ಇದು ಈವೊ, ಫೈಟಿಂಗ್ ಗೇಮ್ ಆಡುವವರ ವರ್ಷದ ಜಾತ್ರೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ, ಗಾಲ್ಫ್‌ಲ್ಯಾಂಡ್ ಎಂಬ ಆಟದಂಗಡಿಯಲ್ಲಿ ‘ಬ್ಯಾಟಲ್ ಬೈ ದ ಬೇ’ ಎಂಬ ಹೆಸರಿನಲ್ಲಿ ಸುಮಾರು 40 ಜನ ಸೇರಿದಾಗ ಇದು ಶುರುವಾಯಿತು. 2002ರಲ್ಲಿ ಈಗಿನ ಹೆಸರು ಬಂತು, 2005ರಿಂದ ಲಾಸ್ ವೇಗಸ್ ಅದರ ಊರಾಯಿತು. 2023ರಲ್ಲಿ ಸ್ಟ್ರೀಟ್ ಫೈಟರ್ 6 ಎಂಬ ಒಂದೇ ಆಟಕ್ಕೆ 7,000ಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಇಲ್ಲಿ ಆಡಲು ಯಾವ ತಂಡದ ಚೀಟಿಯೂ ಬೇಡ, ಯಾರ ಶಿಫಾರಸೂ ಬೇಡ. ಶುಲ್ಕ ಕಟ್ಟಿದವರೆಲ್ಲ ಆಟಗಾರರೇ. ಮೊನ್ನೆ ಮೊನ್ನೆ ಆಟ ಕಲಿತ ಹುಡುಗಿಯ ಪಕ್ಕದ ಕುರ್ಚಿಗೆ ಮೊದಲ ಸುತ್ತಿನಲ್ಲೇ ವಿಶ್ವ ಚಾಂಪಿಯನ್ ಬಂದು ಕೂರಬಹುದು. ಕ್ರಿಕೆಟ್ಟಿನಲ್ಲೋ ಟೆನಿಸ್ಸಿನಲ್ಲೋ ಇಂಥದ್ದನ್ನು ನೆನೆಸಿಕೊಳ್ಳಲೂ ಆಗದು. ನನ್ನನ್ನು ಈ ಲೋಕಕ್ಕೆ ಎಳೆದದ್ದು ಮೊದಲು ಇದೇ.

ನಿಯಮ ಸರಳ. ಒಮ್ಮೆ ಸೋತರೆ ಸೋತವರ ಸಾಲಿಗೆ, ಎರಡನೇ ಸಲ ಸೋತರೆ ಹೊರಗೆ. ಹಾಗಾಗಿ ಮೊದಲ ದಿನದ ಮಧ್ಯಾಹ್ನಕ್ಕೇ ಸಾವಿರಾರು ಜನರ ಸ್ಪರ್ಧೆ ಮುಗಿದಿರುತ್ತದೆ. ಸಾಲ ಮಾಡಿ ವಿಮಾನ ಹತ್ತಿ ಬಂದವರಿರುತ್ತಾರೆ, ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಬಂದವರಿರುತ್ತಾರೆ, ಹೋಟೆಲಿನ ಒಂದೇ ಕೋಣೆಯಲ್ಲಿ ಐದಾರು ಜನ ನೆಲದ ಮೇಲೆ ಮಲಗಿ ಎದ್ದವರಿರುತ್ತಾರೆ. ಅವರು ಮನೆಗೆ ಹೋಗುವುದಿಲ್ಲ. ಸಭಾಂಗಣದ ಇನ್ನೊಂದು ಬದಿಯಲ್ಲಿ ಲೆಕ್ಕಕ್ಕೆ ಬಾರದ ಆಟಗಳಿಗೆಂದು ತೆರೆಗಳನ್ನಿಟ್ಟಿರುತ್ತಾರೆ. ಸೋತವರೆಲ್ಲ ಅಲ್ಲಿಗೆ ಬಂದು, ತಮ್ಮನ್ನು ಸೋಲಿಸಿದವನನ್ನೇ ಹುಡುಕಿ ಕರೆತಂದು ‘ಇನ್ನೊಂದು ಆಟ’ ಎನ್ನುತ್ತಾರೆ. ರಾತ್ರಿ ಬಾಗಿಲು ಹಾಕುವವರೆಗೆ ಅದು ನಿಲ್ಲದು. ಬಾಗಿಲು ಹಾಕಿದ ಮೇಲೆ ಹೋಟೆಲ್ ಕೋಣೆಯಲ್ಲಿ ಮುಂದುವರಿಯುತ್ತದೆ.

ತೆರೆಯ ಮೇಲೆ ಇರುವುದಾದರೂ ಏನು? ಇಬ್ಬರು ಹೋರಾಟಗಾರರು, ತಲೆಯ ಮೇಲೆ ಎರಡು ಜೀವಪಟ್ಟಿ, ನಡುವೆ ಇಳಿಯುತ್ತಿರುವ ಗಡಿಯಾರ. ಹೊಡೆಯಬಹುದು, ತಡೆಯಬಹುದು, ಹಿಡಿದು ಎಸೆಯಬಹುದು. ತಡೆಯುವವನನ್ನು ಎಸೆತ ಸೋಲಿಸುತ್ತದೆ, ಎಸೆಯಲು ಬಂದವನನ್ನು ಹೊಡೆತ, ಹೊಡೆತವನ್ನು ತಡೆ. ತಳಪಾಯ ಇಷ್ಟೇ. ಆದರೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದು ಬದಲಾವಣೆಗೂ ಫ್ರೇಮ್ ಎಂದು ಹೆಸರು, ಎಲ್ಲ ಹೊಡೆತಗಳ ಲೆಕ್ಕವೂ ಫ್ರೇಮಿನಲ್ಲೇ. ಚುರುಕಾದ ಗುದ್ದು ನಾಲ್ಕು ಫ್ರೇಮಿನಲ್ಲಿ ಬಂದು ತಾಗುತ್ತದೆ. ಮನುಷ್ಯನ ಕಣ್ಣು ಕಂಡು, ಕೈ ಅಲುಗಲು ಸುಮಾರು ಹದಿನೈದು ಫ್ರೇಮು ಬೇಕು. ಅಂದರೆ ಆ ಗುದ್ದನ್ನು ನೋಡಿ ತಡೆಯಲು ಯಾರಿಂದಲೂ ಆಗದು. ಅದು ಹೊರಡುವ ಮುನ್ನವೇ ಬರುತ್ತದೆಂದು ಗೊತ್ತಿರಬೇಕು.

ಗೊತ್ತಾಗುವುದು ಹೇಗೆ? ಪಕ್ಕದಲ್ಲಿ ಕೂತವನನ್ನು ಓದುವುದರಿಂದ. ಇವನು ಗಾಬರಿಯಾದಾಗ ಹಾರುತ್ತಾನೆ, ಎರಡು ಸಲ ತಡೆದ ಮೇಲೆ ಮೂರನೆಯ ಸಲ ತಾಳ್ಮೆಗೆಡುತ್ತಾನೆ, ಗೆಲ್ಲುವ ಹೊತ್ತಿಗೆ ಹಿಂದೆ ಸರಿಯುತ್ತಾನೆ. ಇದನ್ನೆಲ್ಲ ಎರಡು ಮೂರು ನಿಮಿಷದೊಳಗೆ ಕಲಿತು, ಕಲಿತದ್ದನ್ನು ಅವನ ಮೇಲೇ ತಿರುಗಿಸಬೇಕು. ಅಷ್ಟರಲ್ಲಿ ಅವನೂ ನಿಮ್ಮನ್ನು ಓದಿರುತ್ತಾನೆ. ‘ಅವನು ನನ್ನನ್ನು ಡೌನ್‌ಲೋಡ್ ಮಾಡಿಬಿಟ್ಟ’ ಎಂದು ಸೋತವರು ಹೇಳುವುದು ಇದಕ್ಕೇ. ಹೊರಗಿನವರಿಗೆ ಇದು ಬಡಿದಾಟವಾಗಿ ಕಾಣುತ್ತದೆ. ಆಡುವವರಿಗೆ ಇದು ಅಪರಿಚಿತನೊಬ್ಬನ ಸ್ವಭಾವವನ್ನು ಬೆರಳ ತುದಿಯಲ್ಲಿ ತಿಳಿಯುವ ಕೆಲಸ.

ಈ ಲೋಕದ ಯಾರನ್ನು ಕೇಳಿದರೂ ಮೊದಲು ಹೇಳುವ ಕಥೆ 2004ರದ್ದು. ಆಟ ಸ್ಟ್ರೀಟ್ ಫೈಟರ್ 3ರ ‘ಥರ್ಡ್ ಸ್ಟ್ರೈಕ್’. ಸೋತವರ ಸಾಲಿನ ಕೊನೆಯ ಪಂದ್ಯ. ಒಂದು ಕುರ್ಚಿಯಲ್ಲಿ ಜಪಾನಿನ ದೈಗೊ ಉಮೆಹಾರಾ, ಇನ್ನೊಂದರಲ್ಲಿ ನ್ಯೂಯಾರ್ಕಿನ 18ರ ಹುಡುಗ ಜಸ್ಟಿನ್ ವಾಂಗ್. ದೈಗೊನ ಪಾತ್ರ ಕೆನ್, ಅದರ ಜೀವಪಟ್ಟಿಯಲ್ಲಿ ಒಂದು ಗೆರೆಯಷ್ಟೇ ಉಳಿದಿದೆ. ಜಸ್ಟಿನ್‌ನ ಚುನ್-ಲೀ ಕೈಯಲ್ಲಿ ಮಹಾಸ್ತ್ರ ತುಂಬಿಕೊಂಡಿದೆ. ಹದಿನೈದು ಒದೆತಗಳ ಸರಣಿ ಅದು. ತಡೆದರೂ ಪ್ರತಿ ಒದೆತ ಒಂದು ಚೂರು ಜೀವ ಕಿತ್ತುಕೊಳ್ಳುವುದರಿಂದ ತಡೆದು ಪ್ರಯೋಜನವಿಲ್ಲ.

ಉಳಿದಿದ್ದು ಒಂದೇ ದಾರಿ, ಪ್ಯಾರಿ. ಹೊಡೆತ ತಾಗುವ ಕ್ಷಣಕ್ಕೆ ಸರಿಯಾಗಿ ಹಿಡಿಕೆಯನ್ನು ಎದುರಾಳಿಯ ಕಡೆಗೇ ತಳ್ಳಿದರೆ ಹೊಡೆತ ಕರಗಿಹೋಗುತ್ತದೆ, ಜೀವ ಹೋಗುವುದಿಲ್ಲ. ಆ ಕ್ಷಣದ ಅಳತೆ ಸೆಕೆಂಡಿನ ಆರನೇ ಒಂದು ಭಾಗವನ್ನು ಮೀರದು. ತಪ್ಪಿದರೆ ಹೊಡೆತ ನೇರ ಎದೆಗೆ, ಏಕೆಂದರೆ ತಡೆಯಲು ಹಿಂದಕ್ಕೆ ಎಳೆಯಬೇಕಾದ ಹಿಡಿಕೆಯನ್ನು ಮುಂದಕ್ಕೆ ತಳ್ಳಿರುತ್ತೀರಿ. ಮೊದಲ ಒದೆತವನ್ನಂತೂ ನೋಡಿ ತಳ್ಳಲು ಸಮಯವೇ ಇಲ್ಲ, ಬರುತ್ತದೆಂದು ನಂಬಿ ತಳ್ಳಬೇಕು. ಜಸ್ಟಿನ್ ಅಸ್ತ್ರ ಬಿಟ್ಟ. ದೈಗೊ ಒಂದನ್ನು ಕರಗಿಸಿದ, ಎರಡು, ಮೂರು. ಸಭೆಯ ಗದ್ದಲ ಏರುತ್ತ ಹೋಯಿತು. ಏಳರ ನಂತರ ಮತ್ತೆ ಏಳು. ಕೊನೆಯ ಒದೆತಕ್ಕೆ ನೆಲ ಬಿಟ್ಟು ಹಾರಿ, ಗಾಳಿಯಲ್ಲೇ ಅದನ್ನೂ ಕರಗಿಸಿ, ಇಳಿಯುತ್ತ ತಿರುಗಿ ಹೊಡೆದ. ಚುನ್-ಲೀ ಬಿದ್ದಳು. ಜನ ಕುರ್ಚಿ ಬಿಟ್ಟೆದ್ದು ಕೂಗಿದ ಕೂಗು ಹಳೆಯ ಮಸುಕು ವಿಡಿಯೊದಲ್ಲಿ ಈಗಲೂ ಮೈ ನವಿರೇಳಿಸುತ್ತದೆ.

ಆ ವರ್ಷ ಪ್ರಶಸ್ತಿ ಗೆದ್ದವನು ದೈಗೊ ಅಲ್ಲ, ಅಂತಿಮ ಪಂದ್ಯದಲ್ಲಿ ಅವನು ಕೆಂಜಿ ಒಬಾಟಾಗೆ ಸೋತ. ಜಸ್ಟಿನ್ ಆ ಸೋಲನ್ನು ಎಂದೂ ಬಚ್ಚಿಡಲಿಲ್ಲ. ಇಪ್ಪತ್ತು ವರ್ಷ ಅದೇ ವಿಡಿಯೊದ ಬಗ್ಗೆ ಕೇಳಿದವರಿಗೆಲ್ಲ ಉತ್ತರ ಹೇಳುತ್ತ, ಇಂದಿಗೂ ಆಡುತ್ತಿದ್ದಾನೆ. ಆ ವಿಡಿಯೊದಲ್ಲಿ ನನಗೆ ದೈಗೊನಷ್ಟೇ ದೊಡ್ಡವನಾಗಿ ಕಾಣುವುದು ಜಸ್ಟಿನ್.

ಸೋತು ಮತ್ತೆ ಬಂದು ಕೂರುವ ಈ ನಡವಳಿಕೆ ಹುಟ್ಟಿದ್ದು ನಾಣ್ಯ ಹಾಕಿ ಆಡುವ ಆರ್ಕೇಡ್‌ಗಳಲ್ಲಿ. 1991ರಲ್ಲಿ ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2 ಬಂದಾಗ ಅಲ್ಲಿಯವರೆಗೆ ಯಂತ್ರದ ವಿರುದ್ಧ ಒಬ್ಬರೇ ಆಡುತ್ತಿದ್ದವರ ಪಕ್ಕಕ್ಕೆ ಇನ್ನೊಬ್ಬ ಬಂದು ನಿಂತ. ಗೆದ್ದವನು ಅದೇ ನಾಣ್ಯದಲ್ಲಿ ಮುಂದುವರಿಯುತ್ತಾನೆ, ಸೋತವನು ಜಾಗ ಬಿಡುತ್ತಾನೆ. ಮುಂದಿನ ಸರದಿ ತನ್ನದೆಂದು ಹೇಳಲು ಯಂತ್ರದ ಅಂಚಿನಲ್ಲಿ ಒಂದು ನಾಣ್ಯ ಇಟ್ಟರಾಯಿತು. ಸಾಲಾಗಿ ಕೂತ ಆ ನಾಣ್ಯಗಳೇ ಕಾಯುವವರ ಪಟ್ಟಿ. ಸೋಲಿಗೆ ಅಲ್ಲಿ ಕೈಯಿಂದ ಹಣ ಹೋಗುತ್ತಿತ್ತು. ಹಾಗಾಗಿ ಪ್ರತಿ ಸೋಲಿನಲ್ಲೂ ಏನಾದರೊಂದು ಕಲಿಯದೆ ಗತಿಯಿರಲಿಲ್ಲ.

ಟೋಕಿಯೊದ ತಕದನೊಬಾಬಾ ನಿಲ್ದಾಣದ ಸಮೀಪ ಮಿಕಾಡೊ ಎಂಬ ಆರ್ಕೇಡ್ ಇದೆ. ಹೊಸ ಆಟಗಳ ಕಾಲದಲ್ಲೂ ಮೂವತ್ತು ವರ್ಷ ಹಿಂದಿನ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಅದು ನಡೆಯುತ್ತಿದೆ. ಜಪಾನಿನ ಆರ್ಕೇಡ್‌ಗಳಲ್ಲಿ ಎರಡು ಯಂತ್ರಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಇಡುತ್ತಾರೆ. ಇಲ್ಲಿ ಕೂತವನಿಗೆ ಅಲ್ಲಿ ಕೂತವನು ಕಾಣುವುದಿಲ್ಲ. 100 ಯೆನ್ ಹಾಕಿ ಒಬ್ಬರೇ ಆಡುತ್ತಿರುವಾಗ ಆಚೆಯಿಂದ ನಾಣ್ಯ ಬಿದ್ದ ಸದ್ದು ಕೇಳುತ್ತದೆ, ತೆರೆಯ ಮೇಲೆ ಸವಾಲು ಮೂಡುತ್ತದೆ. ಕೆಲಸ ಮುಗಿಸಿ ಬಂದ ಟೈ ಕಟ್ಟಿದ ನೌಕರ, ಶಾಲೆಯ ಸಮವಸ್ತ್ರದ ಹುಡುಗ, ಕೂದಲು ನೆರೆತ ಅಂಗಡಿಯವನು, ಆಚೆ ಯಾರಾದರೂ ಇರಬಹುದು. ಕೈಯ ಆಟವೊಂದೇ ಗುರುತು.

ನ್ಯೂಯಾರ್ಕಿನ ಮಾಟ್ ಸ್ಟ್ರೀಟ್‌ನಲ್ಲಿದ್ದ ಚೈನಾಟೌನ್ ಫೇರ್ ಜಸ್ಟಿನ್ ಆಟ ಕಲಿತ ಜಾಗ. ಕತ್ತಲೆ, ಇಕ್ಕಟ್ಟು. ವಲಸೆ ಬಂದವರ ಮಕ್ಕಳು ಶಾಲೆ ಬಿಟ್ಟ ಮೇಲೆ ಸೇರುತ್ತಿದ್ದ ಜಾಗ ಅದು. 2011ರಲ್ಲಿ ಅದು ಮುಚ್ಚಿತು. ಮುಚ್ಚಿದಾಗ ಅತ್ತವರು ಸುಮ್ಮನೆ ಕೂರಲಿಲ್ಲ, ಬ್ರೂಕ್ಲಿನ್‌ನಲ್ಲಿ ನೆಕ್ಸ್ಟ್ ಲೆವೆಲ್ ಎಂಬ ಹೊಸ ಜಾಗ ಮಾಡಿಕೊಂಡು ವಾರವಾರವೂ ಸ್ಪರ್ಧೆ ನಡೆಸತೊಡಗಿದರು. ಜಗತ್ತಿನ ಎಷ್ಟೋ ಊರುಗಳಲ್ಲಿ ಈಗ ಇಂಥ ವಾರದ ಕೂಟಗಳಿವೆ. ಅವುಗಳಿಗೆ ‘ಲೋಕಲ್ಸ್’ ಎಂದು ಹೆಸರು. ಕಾಫಿ ಅಂಗಡಿಯ ಹಿಂದಿನ ಕೋಣೆ, ಕಾಲೇಜಿನ ಖಾಲಿ ತರಗತಿ, ಯಾರದೋ ಮನೆಯ ಗ್ಯಾರೇಜು. ಟಿವಿ ಹೊತ್ತು ತರುವವರು ಅವರೇ, ಪಟ್ಟಿ ಬರೆಯುವವರು ಅವರೇ, ಕೊನೆಗೆ ಕುರ್ಚಿ ಮಡಚಿಡುವವರೂ ಅವರೇ.

ನಮ್ಮ ಪಟ್ಟಣಗಳಲ್ಲೂ ತೊಂಬತ್ತರ ದಶಕದಲ್ಲಿ ಇಂಥ ಅಂಗಡಿಗಳಿದ್ದವು. ಬಸ್ ನಿಲ್ದಾಣದ ಹತ್ತಿರ, ಸಿನಿಮಾ ಥಿಯೇಟರಿನ ಪಕ್ಕ, ಬಾಗಿಲಿಗೆ ಪರದೆ ಇಳಿಬಿಟ್ಟ ಕೋಣೆಯಲ್ಲಿ ನಾಲ್ಕೈದು ಯಂತ್ರ. ‘ಮುಸ್ತಫಾ’ ಎಂದು ಹುಡುಗರು ಕರೆಯುತ್ತಿದ್ದ ಡೈನೋಸಾರ್ ಆಟ, ‘ಕಿಂಗ್ ಆಫ್ ಫೈಟರ್ಸ್ 97’, ಕೈಕಾಲು ಉದ್ದಕ್ಕೆ ಚಾಚಿ ಬಾಯಿಂದ ಬೆಂಕಿ ಉಗುಳುವ ಭಾರತದ ಯೋಗಿ ಧಾಲ್ಸಿಮ್ ಇದ್ದ ಸ್ಟ್ರೀಟ್ ಫೈಟರ್. ಮನೆಯವರ ಕಣ್ಣಿಗೆ ಅದು ಹಾಳಾಗುವ ಜಾಗ. ಮನೆಗೇ ಕಂಪ್ಯೂಟರ್ ಬಂತು, ಆಮೇಲೆ ಮೊಬೈಲ್ ಬಂತು, ಆ ಕೋಣೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು.

ಲಾಹೋರಿನಲ್ಲಿ ಅವು ಉಳಿದವು. ಅಲ್ಲಿನ ಹುಡುಗರೂ ‘ಕಿಂಗ್ ಆಫ್ ಫೈಟರ್ಸ್’ ಆಡಿ ಬೆಳೆದವರು. ಮುಂದೆ ಟೆಕನ್ ಎಂಬ ಇನ್ನೊಂದು ಫೈಟಿಂಗ್ ಗೇಮ್ ಹಿಡಿದರು. ಹೊರದೇಶದ ಸ್ಪರ್ಧೆಗೆ ಹೋಗಲು ಹಣವಿಲ್ಲ, ಹಣವಿದ್ದರೆ ವೀಸಾ ಸಿಗದು. ಹಾಗಾಗಿ ತಮ್ಮತಮ್ಮಲ್ಲೇ ಆಡಿ ಆಡಿ ಹುರಿಗೊಂಡರು. 2019ರ ಫೆಬ್ರುವರಿಯಲ್ಲಿ ಅರ್ಸಲಾನ್ ‘ಆ್ಯಶ್’ ಸಿದ್ದೀಕ್ ಎಂಬ ಯುವಕ ಜಪಾನಿನ ಫುಕುಒಕಾದಲ್ಲಿ ನಡೆದ ಈವೊ ಜಪಾನ್‌ಗೆ ಹೊರಟ. ವೀಸಾ ತೊಡಕು, ವಿಮಾನಗಳ ಗೊಂದಲ, ಕೈಯಲ್ಲಿದ್ದ ಪಾಕಿಸ್ತಾನಿ ರೂಪಾಯಿಯನ್ನು ದಾರಿಯ ವಿಮಾನ ನಿಲ್ದಾಣದಲ್ಲಿ ಬದಲಾಯಿಸಿಕೊಡುವವರಿಲ್ಲ. ದಣಿದು ಬಂದು ಕೂತವನು ಟೆಕನ್ 7ರ ಪ್ರಶಸ್ತಿ ಗೆದ್ದ. ಗೆದ್ದ ಮೇಲೆ ಅವನು ಹೇಳಿದ್ದು ತನ್ನ ಬಗ್ಗೆ ಅಲ್ಲ, ನಮ್ಮ ದೇಶದಲ್ಲಿ ಇನ್ನೂ ಬಲವಾದ ಆಟಗಾರರಿದ್ದಾರೆ ಎಂದು.

ಜಗತ್ತು ನಂಬಲಿಲ್ಲ. ಟೆಕನ್ ಎಂದರೆ ಕೊರಿಯಾ, ಕೊರಿಯಾ ಎಂದರೆ ‘ನೀ’ ಎಂಬ ಹೆಸರಿನಲ್ಲಿ ಆಡುವ ಬೇ ಜೇಮಿನ್. ಅವನು ಆ ಮಾತನ್ನು ಕೇಳಿ ಸುಮ್ಮನಿರಲಿಲ್ಲ, ಗಂಟು ಕಟ್ಟಿಕೊಂಡು ಪಾಕಿಸ್ತಾನಕ್ಕೇ ಹೋದ. ಹೆಸರಾಂತ ಪೈಲ್ವಾನನೊಬ್ಬ ಹೊಸ ಪಟ್ಟು ಕಲಿಯಲು ಪರ ಊರಿನ ಗರಡಿಗೆ ಹೋಗಿ, ಅಲ್ಲಿನ ಹುಡುಗರ ಜೊತೆ ಮಟ್ಟಿಗಿಳಿದ ಹಾಗೆ ಅದು. ಹೊರಗೆ ಯಾರೂ ಹೆಸರು ಕೇಳಿರದ ಹುಡುಗರ ಕೈಯಲ್ಲಿ ಸೋತ, ಮತ್ತೆ ಕೂತ, ಮತ್ತೆ ಆಡಿದ. ಅದೇ ವರ್ಷ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಈವೊ ಅಂತಿಮ ಪಂದ್ಯದಲ್ಲಿ ಅಕ್ಕಪಕ್ಕ ಕೂತವರು ಈ ಇಬ್ಬರೇ, ಅರ್ಸಲಾನ್ ಮತ್ತು ನೀ. ಗೆದ್ದವನು ಅರ್ಸಲಾನ್. ಲಾಹೋರಿನ ಮಾತು ಉತ್ಪ್ರೇಕ್ಷೆಯಾಗಿರಲಿಲ್ಲ. ಮುಂದೆ ಆತಿಫ್ ಬಟ್ ಎಂಬ ಇನ್ನೊಬ್ಬ ಪಾಕಿಸ್ತಾನಿ ಟೆಕನ್ ವರ್ಲ್ಡ್ ಟೂರ್‌ನ ಅಂತಿಮ ಸ್ಪರ್ಧೆ ಗೆದ್ದ. ಅರ್ಸಲಾನ್ 2023ರಲ್ಲೂ 2024ರಲ್ಲೂ ಈವೊ ಗೆದ್ದ.

ದೈಗೊ ನಡುವೆ ಕೆಲವು ವರ್ಷ ಆಟವನ್ನೇ ಬಿಟ್ಟಿದ್ದ. ಮಾಜಾಂಗ್ ಎಂಬ ಆಟ ಕಲಿತ, ಆಮೇಲೆ ಅದನ್ನೂ ಬಿಟ್ಟು ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸ್ಟ್ರೀಟ್ ಫೈಟರ್ 4 ಬಂದಾಗ ಗೆಳೆಯರ ಜೊತೆ ಮತ್ತೆ ಕೈ ಹಚ್ಚಿ, 2009 ಮತ್ತು 2010ರಲ್ಲಿ ಈವೊ ಗೆದ್ದ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿದ ಹಾಜಿಮೆ ತನಿಗುಚಿ, ಅಂದರೆ ತೊಕಿದೊ, ದೈಗೊನನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವನು. 2017ರ ಈವೊ ಗೆದ್ದ ಮೇಲೂ ಅವನಿಗೆ ದೈಗೊ ಉಳಿದೇ ಇದ್ದ. 2018ರಲ್ಲಿ ಇಬ್ಬರೂ, ಯಾರು ಮೊದಲು ಹತ್ತು ಆಟ ಗೆಲ್ಲುತ್ತಾರೆಂದು ನೋಡುವ ಒಂದೇ ಪಂದ್ಯಕ್ಕೆ ಕೂತರು. ದೈಗೊ 10-5ರಲ್ಲಿ ಗೆದ್ದ. ತೊಕಿದೊ ಅಷ್ಟು ಜನರ ಮುಂದೆ ಅತ್ತ. 2017ರಲ್ಲಿ ತೊಕಿದೊಗೆ ಸೋತು ವೇದಿಕೆಯಲ್ಲೇ ಕಣ್ಣೀರಿಟ್ಟ ಅಮೆರಿಕದ ಹುಡುಗ ‘ಪಂಕ್’ ಏಳು ವರ್ಷ ಬಿಡದೆ ಬಂದು 2024ರಲ್ಲಿ ಈವೊ ಗೆದ್ದ. ಸೋತಾಗ ಅಳುವುದಕ್ಕೆ ಇಲ್ಲಿ ಯಾರೂ ನಾಚುವುದಿಲ್ಲ. ಗಂಡಸರು ತುಂಬಿದ ಲೋಕದಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಲ್ಲಿ ಯಾರು ಬೇಕಾದರೂ ಆಡಬಹುದು ಎಂಬುದು ಬರೀ ಮಾತಲ್ಲ. ಟೆಕ್ಸಸ್‌ನ ಮೈಕ್ ಬೇಗಂ ಹುಟ್ಟಿನಿಂದಲೇ ಕೈಕಾಲು ಆಡಿಸಲಾಗದವನು. ‘ಬ್ರೋಲಿಲೆಗ್ಸ್’ ಎಂಬ ಹೆಸರಿನಲ್ಲಿ, ಮುಖದಿಂದಲೇ ಕಂಟ್ರೋಲರ್ ಒತ್ತಿ ಚುನ್-ಲೀಯನ್ನು ಆಡಿಸುತ್ತಿದ್ದ. ಕೈ ಬೆರಳು ಸರಿಯಿದ್ದವರನ್ನು ಸೋಲಿಸುತ್ತಿದ್ದ, ಹೊಸಬರಿಗೆ ಆಟ ಹೇಳಿಕೊಡುತ್ತಿದ್ದ. 2023ರಲ್ಲಿ ಅವನು ತೀರಿಕೊಂಡಾಗ ಇಡೀ ಲೋಕ ಮರುಗಿತು. ಕಣ್ಣು ಕಾಣದ ಡಚ್ ಆಟಗಾರನೊಬ್ಬ ಹೊಡೆತದ ಸದ್ದು, ಹೆಜ್ಜೆಯ ಸದ್ದು ಕೇಳಿಯೇ ಸ್ಪರ್ಧೆಗಳಲ್ಲಿ ಆಡುತ್ತಾನೆ. ಸ್ಟ್ರೀಟ್ ಫೈಟರ್ 6ರಲ್ಲಿ ಎದುರಾಳಿ ಎಷ್ಟು ದೂರದಲ್ಲಿದ್ದಾನೆಂದು ಸದ್ದಿನಿಂದ ತಿಳಿಯುವ ಏರ್ಪಾಟೇ ಇದೆ.

ಇಷ್ಟು ಹೇಳಿ ಕೆಟ್ಟದ್ದನ್ನು ಮುಚ್ಚಿಟ್ಟರೆ ಅನ್ಯಾಯ. ಈ ಕೂಟಗಳಲ್ಲಿ ಹೆಣ್ಣುಮಕ್ಕಳು ಕೇಳಬಾರದ್ದನ್ನು ಕೇಳಿದ್ದಾರೆ, ಸಹಿಸಬಾರದ್ದನ್ನು ಸಹಿಸಿದ್ದಾರೆ. 2012ರಲ್ಲಿ ನೇರ ಪ್ರಸಾರದಲ್ಲೇ ಆಟಗಾರ್ತಿಯೊಬ್ಬಳಿಗೆ ಕಿರುಕುಳ ಕೊಟ್ಟವನು ಅದು ನಮ್ಮ ಸಂಸ್ಕೃತಿಯ ಭಾಗ ಎಂದು ಸಮರ್ಥಿಸಿಕೊಂಡಿದ್ದ. 2020ರಲ್ಲಿ ಹಲವು ದೊಡ್ಡ ಹೆಸರುಗಳ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂತು. ಆ ವರ್ಷದ ಈವೊ ರದ್ದಾಯಿತು, ಮುಖ್ಯಸ್ಥನನ್ನು ಹೊರಹಾಕಲಾಯಿತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದರೆ ಸಾಲದು, ಒಳಗೆ ಬಂದವಳು ನೆಮ್ಮದಿಯಿಂದ ಕೂರುವಂತಿರಬೇಕು. ನಡವಳಿಕೆಯ ನಿಯಮಗಳನ್ನು ಈಗ ಬರೆದಿಡುತ್ತಾರೆ, ಮೀರಿದವರನ್ನು ದೂರವಿಡುತ್ತಾರೆ. ಆಗಬೇಕಾದ್ದು ಇನ್ನೂ ಇದೆ.

2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಯಿತು. ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ಆರ್ಕೇಡಿನಲ್ಲಿ ಬೆಳೆದವನು ಅವನು. ಭಾರತದಿಂದ ಅಯಾನ್ ಬಿಸ್ವಾಸ್ ಮತ್ತು ಮಯಾಂಕ್ ಪ್ರಜಾಪತಿ ಹೋಗಿದ್ದರು. ಪದಕ ಬರಲಿಲ್ಲ. ಲಾಹೋರಿನಲ್ಲಿ ಇದ್ದದ್ದು ನಮ್ಮಲ್ಲಿ ಇರಲಿಲ್ಲ ಎಂಬುದು ನನ್ನ ಎಣಿಕೆ: ಸಂಜೆಯಾದರೆ ಹೋಗಿ ಕೂರಲು ಒಂದು ಕೋಣೆ, ಅಲ್ಲಿ ದಿನವೂ ಸೋಲಿಸಲು ಕಾದಿರುವ ಹತ್ತು ಜನ. ಒಂಟಿ ಮೊಬೈಲಿನಲ್ಲಿ ಅದು ಬೆಳೆಯುವುದಿಲ್ಲ.

ಲಾಸ್ ವೇಗಸ್‌ನ ಭಾನುವಾರ ಸಂಜೆಯ ಅಂತಿಮ ಪಂದ್ಯ ನಮಗೆ ಸೋಮವಾರ ಬೆಳಗಿನ ತಿಂಡಿಯ ಹೊತ್ತು. ಮುಂದಿನ ಈವೊ ಬಂದಾಗ ಒಂದರ್ಧ ಗಂಟೆ ನೋಡಿ, ಹುಡುಗರಿಗೆ ಅದರಲ್ಲಿ ಏನು ಕಾಣುತ್ತದೆಂದು ತಿಳಿಯುತ್ತದೆ. ಮನೆಯಲ್ಲಿ ಈ ಆಟ ಆಡುವ ಮಗನೋ ಮಗಳೋ ಇದ್ದರೆ ಬಾಗಿಲಲ್ಲಿ ನಿಂತು ಗದರುವ ಬದಲು ಪಕ್ಕದಲ್ಲಿ ಕೂತು ಎರಡನೆಯ ಕಂಟ್ರೋಲರ್ ಕೈಗೆತ್ತಿಕೊಳ್ಳಿ. ಸೋಲುತ್ತೀರಿ. ಸೋತ ಮೇಲೆ ಇನ್ನೊಂದು ಆಟ ಕೇಳಿ.